ಪ್ರತಿಭಾ ಕಾರಂಜಿಯ ಚಿತ್ರಗಳಿಗೊಂದು ಗೋಡೆ ಬೇಕು

ಶಾಲಾ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯು ಕ್ಲಸ್ಟರ್ ಹಂತದಿಂದ ಆರಂಭಗೊಂಡು ರಾಜ್ಯಮಟ್ಟದವರೆಗೆ ಸಾಗುತ್ತದೆ. 9ರಿಂದ 12ನೆಯ ತರಗತಿಯವರಿಗೆ ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಕಲೋತ್ಸವವೂ ಇದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಪಾಲಕರು ಇವುಗಳನ್ನು ಚೆನ್ನಾಗಿ ಬಲ್ಲರು.

ಹಾಡುವ, ಭಾಷಣ ಮಾಡುವ ಮಗುವಿಗೆ ಎದುರಿಗೆ ಸಭೆಯಿರುತ್ತದೆ. ಚಿತ್ರ ಬಿಡಿಸುವ ಮಗುವಿನ ಹಾಳೆಯನ್ನಾದರೋ ತೀರ್ಪುಗಾರರಷ್ಟೇ ನೋಡಿದರೆ, ಬಹುಮಾನ ಬಾರದ ಮಗುವಿಗೆ ಯಾರೂ ಏನನ್ನೂ ಹೇಳಿದಂತಾಗುವುದಿಲ್ಲ. ಪ್ರದರ್ಶನದ ಅಗತ್ಯವಿರುವುದು ಇಲ್ಲಿಯೇ.

ಎರಡು ಬೆಟ್ಟಗಳ ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ: ಈ ಚಿತ್ರವನ್ನು ನಮ್ಮಲ್ಲಿ ಬಿಡಿಸದವರಾರು! ಅಂತಹ ಹತ್ತು ಹಾಳೆಗಳ ನಡುವೆ ಬನಶಂಕರಿ ದೇವಾಲಯದ ಮುಂದಿನ ನಿಂಬೆಹಣ್ಣಿನ ದೀಪಗಳನ್ನೋ, ಕಂಬಗಳ ಮೇಲೆ ಹಾದುಹೋಗುವ ಮೆಟ್ರೊವನ್ನೋ, ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗಿನ ಬಂಡೆಯನ್ನೋ ಬಿಡಿಸಿದ ಒಂದು ಹಾಳೆ ತೂಗುತ್ತಿದ್ದರೆ, ಮಕ್ಕಳು ಅದರ ಮುಂದೆ ತಾವಾಗಿಯೇ ನಿಲ್ಲುತ್ತಾರೆ. ಕಂಡದ್ದನ್ನು ಬಿಡಿಸಬಹುದೆಂಬುದು ಆಗ ತಿಳಿಯುತ್ತದೆ. ಅಂಕಪಟ್ಟಿ ಇದನ್ನು ಕಲಿಸಲಾರದು.

ಇದಕ್ಕೆ ಕಲಾಗ್ಯಾಲರಿ ಬೇಕಿಲ್ಲ. ಶಾಲೆಯ ಪಡಸಾಲೆ, ಒಂದು ಹಗ್ಗ, ಬಟ್ಟೆಯ ಕ್ಲಿಪ್ಪುಗಳು ಸಾಕು. ಬಹುಮಾನಿತ ಚಿತ್ರಗಳನ್ನಷ್ಟೇ ಆರಿಸದೆ ಎಲ್ಲವನ್ನೂ ತೂಗುಹಾಕಬೇಕು; ಅದೂ ಮಕ್ಕಳ ಕಣ್ಣಿನ ಎತ್ತರಕ್ಕೆ. (ದೊಡ್ಡವರು ಬಗ್ಗಿ ನೋಡಲಿ.) ಮನೆಯಲ್ಲಿ ಹಿರಿಯರು ತಿದ್ದಿಕೊಟ್ಟ ಚಿತ್ರವು ಅಂತಹ ಸಾಲಿನಲ್ಲಿ ಬೇಗನೆ ಗುರುತಿಗೆ ಸಿಗುತ್ತದೆ ಎಂಬುದನ್ನು ಪಾಲಕರು ಗಮನಿಸಬೇಕೆಂದು ಕೋರುತ್ತೇವೆ. ಒಂದು ವಾರವಾದರೂ ಚಿತ್ರಗಳು ಅಲ್ಲಿರಲಿ. ಅಜ್ಜ ಅಜ್ಜಿಯರೂ ಬಂದು ನೋಡಲು ಅನುಕೂಲವಾಗುತ್ತದೆ.