ಮೊಬೈಲಿನಿಂದ ಅಳಿಸಿಹೋದ ಛಾಯಾಚಿತ್ರಗಳ ಮರುಪಡೆಯುವಿಕೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರು ಮಳೆಗೆ ಕುಸಿದ ಮನೆ, ಹೂಳೆತ್ತುವ ಮುನ್ನಿನ ಕೆರೆ ಮುಂತಾದವುಗಳ ಚಿತ್ರಗಳನ್ನು ತಮ್ಮ ಫೋನಿನಲ್ಲಿಯೇ ತೆಗೆದಿಟ್ಟುಕೊಳ್ಳುವುದು ರೂಢಿ. ಗೋಡೆ ತೆರವಾದ ಮೇಲೆ, ಹೂಳು ಎತ್ತಿದ ಮೇಲೆ ಅಂತಹ ಚಿತ್ರವನ್ನು ಮತ್ತೊಮ್ಮೆ ತೆಗೆಯಲು ಬಾರದು. ಪರಿಹಾರ ಕೋರುವ ಕುಟುಂಬಕ್ಕೆ ಕೆಲವೊಮ್ಮೆ ಅದೊಂದೇ ಆಧಾರ.

ಅಳಿಸಿದ ಚಿತ್ರ ಸಾಮಾನ್ಯವಾಗಿ ಒಡನೆಯೇ ನಾಶವಾಗುವುದಿಲ್ಲ. ಟ್ರ್ಯಾಶ್ ಎಂಬ ವಿಭಾಗಕ್ಕೆ ಸರಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ ಅಲ್ಲಿ 60 ದಿನ, ಆಗಿರದ ಚಿತ್ರ 30 ದಿನ ಉಳಿಯುತ್ತದೆ. ಚಿತ್ರವನ್ನು ಒತ್ತಿ ಹಿಡಿದು ‘ರಿಸ್ಟೋರ್’ ಆಯ್ದುಕೊಂಡರೆ ದಿನಾಂಕ, ಸ್ಥಳದ ವಿವರಗಳ ಸಮೇತ ಮರಳುತ್ತದೆ. ಜಾಗ ಸಾಲದೆಂದು ಟ್ರ್ಯಾಶ್ ಖಾಲಿ ಮಾಡುವವರು ಮೊದಲು ಅದರೊಳಗೆ ಕಣ್ಣಾಡಿಸುವುದು ಲೇಸು.

ಟ್ರ್ಯಾಶ್‌ನಿಂದಲೂ ಹೋದ ಚಿತ್ರದ ಮಾತು ಬೇರೆ. ಈಚಿನ ಫೋನುಗಳ ಒಳಸಂಗ್ರಹವು ಗೂಢಲಿಪೀಕರಣಗೊಂಡಿರುವುದರಿಂದ ಅಲ್ಲಿಂದ ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಹಣ ಕೇಳಿ ಭರವಸೆ ನೀಡುವ ಆ್ಯಪ್‌ಗಳನ್ನು ನಂಬಲಾಗದು. ಚಿತ್ರವು ಮೆಮೊರಿ ಕಾರ್ಡ್‌ನಲ್ಲಿದ್ದರೆ ಮಾತ್ರ ಆಶೆ ಉಂಟು. ಹೊಸ ಚಿತ್ರಗಳು ಹಳೆಯದರ ಜಾಗವನ್ನು ಆಕ್ರಮಿಸುವ ಮುನ್ನ ಕಾರ್ಡನ್ನು ಹೊರತೆಗೆದು, ಗಣಕಯಂತ್ರದಲ್ಲಿ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಬಹುದು.

ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ಕಳುಹಿಸಿದ್ದರೆ ಅವರಿಂದ ಪ್ರತಿ ಪಡೆಯಬಹುದಾದರೂ, ಫೋಟೋ ರೂಪದಲ್ಲಿ ಹೋದ ಪ್ರತಿಯಲ್ಲಿ ಜಿಪಿಎಸ್ ವಿವರ ಉಳಿಯುವುದಿಲ್ಲ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದಲ್ಲಿ ಮೂಲ ಕಡತವೇ ತಲುಪುತ್ತದೆ. ಮುಂದೆ ಹಾನಿಯ ಚಿತ್ರ ತೆಗೆದ ದಿನವೇ ಒಂದು ಪ್ರತಿಯನ್ನು ಈ ರೀತಿ ಪಂಚಾಯತಿ ಕಾರ್ಯಾಲಯಕ್ಕೆ ಕಳುಹಿಸತಕ್ಕದ್ದು.