ಮಗನ ವಕೀಲರು ಯಾರ ವಕೀಲರು?

ಸಂಜೆ ಆರರ ಹೊತ್ತಿನ ಪಂಪ್‌ವೆಲ್ ವೃತ್ತ ಮಂಗಳೂರಿಗರಿಗೆ ಹೊಸತಲ್ಲ. ತಲಪಾಡಿ ಕಡೆಯ ಬಸ್ಸು, ಪಡೀಲ್ ಕಡೆಯ ಲಾರಿ, ಕಂಕನಾಡಿಯಿಂದ ಬರುವ ಸಿಟಿ ಬಸ್ಸು, ಎಲ್ಲವೂ ಅಲ್ಲೇ ಸೇರಬೇಕು. 2020ರಲ್ಲಿ ಮೇಲ್ಸೇತುವೆ ತೆರೆದ ಮೇಲೂ ಕೆಳಗಿನ ಗಡಿಬಿಡಿ ತಪ್ಪಿಲ್ಲ. ಟ್ಯೂಷನ್‌ಗೆ ಹೊರಟ ಹದಿನಾರರ ಹುಡುಗನೊಬ್ಬ ಅಪ್ಪನ ಸ್ಕೂಟರಿನಲ್ಲಿ ಬಂದು ಇಲ್ಲಿ ದಾರಿಹೋಕರೊಬ್ಬರಿಗೆ ಡಿಕ್ಕಿ ಹೊಡೆದ ಎಂದಿಟ್ಟುಕೊಳ್ಳಿ. ಠಾಣೆಯಿಂದ ಮನೆಗೆ ಫೋನ್ ಬರುತ್ತದೆ. ಅಪ್ಪ ಕೂಡಲೇ ಭಾವನಿಗೆ ಫೋನ್ ಮಾಡುತ್ತಾರೆ: "ಭಾವಾ, ಗುರ್ತದ ಲಾಯರ್ ಯಾರಾದರೂ ಇದ್ದಾರಾ?"

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಜಾಗದ ತಕರಾರಿನಲ್ಲಿ ಪಳಗಿದ ಹಿರಿಯ ವಕೀಲರಿಗೆ ಬಾಲನ್ಯಾಯ ಮಂಡಳಿಯ ರೀತಿನೀತಿ ಗೊತ್ತಿರಲೇಬೇಕೆಂದಿಲ್ಲ. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜತೆಗೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ. 2015ರ ಕಾಯ್ದೆಯಂತೆ ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬಿಟ್ಟರೆ ಹುಡುಗ ಕೆಟ್ಟವರ ಕೈಗೆ ಸಿಗುತ್ತಾನೆ, ಅಪಾಯಕ್ಕೆ ಬೀಳುತ್ತಾನೆ ಅಥವಾ ನ್ಯಾಯಕ್ಕೆ ಧಕ್ಕೆಯಾಗುತ್ತದೆ ಎಂದು ಮಂಡಳಿಗೆ ಅನಿಸಿದರೆ ಮಾತ್ರ ಜಾಮೀನು ನಿರಾಕರಿಸಬಹುದು. ಹಾಗಾಗಿ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ಫೀಸಿನದಲ್ಲ; "ಮಂಡಳಿಯ ಮುಂದೆ ಎಷ್ಟು ಸಲ ಹಾಜರಾಗಿದ್ದೀರಿ?" ಎಂಬುದು.

ಫೀಸಿನ ಚಿಂತೆ ಅಷ್ಟಾಗಿ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಕ್ಕಳ ಉಚಿತ ನೆರವಿಗೆ ಆದಾಯದ ಮಿತಿಯೇ ಇಲ್ಲ. ಅಪ್ಪ ಬ್ಯಾಂಕ್ ಮೆನೇಜರಾದರೂ ಸರಿ, ಬಸ್ ಕಂಡಕ್ಟರಾದರೂ ಸರಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು. 15100ಕ್ಕೆ ಫೋನ್ ಮಾಡಿದರೂ ಆದೀತು. ಮಗುವಿಗೆ ಕಾನೂನು ನೆರವು ಸಿಗುವಂತೆ ನೋಡಿಕೊಳ್ಳುವುದು ಮಂಡಳಿಯದೇ ಕರ್ತವ್ಯ. ಪುಕ್ಕಟೆ ವಕೀಲರೆಂದರೆ ಕೈಲಾಗದವರು ಎಂಬ ತಾತ್ಸಾರ ಮಾತ್ರ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ.

"ವಕೀಲರೇಕೆ, ತಪ್ಪೊಪ್ಪಿಕೊಂಡರೆ ಮುಗಿಯಿತಲ್ಲ" ಎನ್ನುವವರೂ ಇದ್ದಾರೆ. ಅಮೆರಿಕದ ಅರಿಜೋನಾದಲ್ಲಿ 1964ರಲ್ಲಿ ಜೆರಾಲ್ಡ್ ಗಾಲ್ಟ್ ಎಂಬ ಹದಿನೈದರ ಹುಡುಗ ಫೋನಿನಲ್ಲಿ ಅಶ್ಲೀಲ ಮಾತಾಡಿದನೆಂದು ಹಿಡಿದರು. ವಕೀಲರಿಲ್ಲದೆ ವಿಚಾರಣೆ ಮುಗಿಸಿ, ಇಪ್ಪತ್ತೊಂದು ವರ್ಷ ತುಂಬುವವರೆಗೆ ಸುಧಾರಣಾ ಶಾಲೆಯಲ್ಲಿ ಇಡಬಹುದೆಂದು ಆದೇಶಿಸಿದರು. ಅದೇ ತಪ್ಪಿಗೆ ದೊಡ್ಡವರಿಗಾದರೆ ಹೆಚ್ಚೆಂದರೆ ಎರಡು ತಿಂಗಳ ಸಜೆ! ಮಕ್ಕಳಿಗೂ ವಕೀಲರ ಹಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ.

ಸ್ಕೂಟರಿನ ಪ್ರಕರಣದಲ್ಲಿ ಇನ್ನೊಂದು ಸಿಕ್ಕು ಉಂಟು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪಾಲಕರು ಅಥವಾ ವಾಹನದ ಮಾಲೀಕರೂ ತಪ್ಪಿತಸ್ಥರು. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. "ನನಗೆ ಗೊತ್ತಿಲ್ಲದೆ ಕೀ ತೆಗೆದುಕೊಂಡು ಹೋದ" ಎಂದು ರುಜುವಾತು ಮಾಡಿದರೆ ಅಪ್ಪ ಪಾರಾಗಬಹುದು. ಆದರೆ ಹುಡುಗನ ಮಾತು ಬೇರೆ ಇರಬಹುದು: "ಅಪ್ಪನೇ ಕೀ ಕೊಟ್ಟದ್ದು." ಇಬ್ಬರಿಗೂ ಒಬ್ಬರೇ ವಕೀಲರಾದರೆ ಅವರು ಯಾರ ಮಾತು ಹೇಳಬೇಕು? ಫೀಸು ಕೊಟ್ಟವರದ್ದೇ ಎಂದು ಅಪ್ಪಂದಿರು ತಿಳಿದಿರುತ್ತಾರೆ. ಹಾಗಾಗಿ ಅಪ್ಪನಿಗೆ ಬೇರೆ ವಕೀಲರೇ ಬೇಕು.

ವಕೀಲರಲ್ಲಿಗೆ ಹೋಗುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ಜನನ ದಾಖಲೆ ಕೈಯಲ್ಲಿರಲಿ. ವಯಸ್ಸಿನ ಪ್ರಶ್ನೆ ಬಂದರೆ ಮೊದಲು ನೋಡುವುದು ಅದನ್ನೇ. ಒಳಗೆ ಕೂತ ಮೇಲೆ "ಇವ ಪಾಪದವ ಸರ್, ಇವನಿಗೆ ಏನೂ ಗೊತ್ತಿಲ್ಲ" ಎಂದು ಅಪ್ಪನೇ ಶುರು ಮಾಡುವುದುಂಟು. ಅನುಭವಸ್ಥ ವಕೀಲರಾದರೆ ಅಪ್ಪನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಹುಡುಗನೊಬ್ಬನನ್ನೇ ಮಾತಾಡಿಸುತ್ತಾರೆ.