ಕತ್ತಲಗೆರೆಗೆ ಅಕ್ಷರವೆಷ್ಟು? ‘ಗೋ’ ಭಾಷೆಯ ಮೊದಲ ಪಾಠ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಎಂದರೆ ಭತ್ತದ ಬೆಳೆಗಾರರಿಗೆ ನೆನಪಾಗುವುದು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ. ಈ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಕ, ತ್ತ, ಲ, ಗೆ, ರೆ. ಒಟ್ಟು ಐದು ಎನ್ನುತ್ತದೆ ಶಾಲೆಯ ಮಗು. ಹೆಸರಿನ ಉದ್ದವೆಷ್ಟೆಂದು ‘ಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕೇಳಿದರೆ ಬರುವ ಉತ್ತರ 27! ಎರಡೂ ತಪ್ಪಲ್ಲ. ಈ ಅಂತರವನ್ನು ಅರಿಯುವುದು ಹೊಸದಾಗಿ ಪ್ರೋಗ್ರಾಂ ಕಲಿಯುವ ಕನ್ನಡಿಗರಿಗೆ ಅವಶ್ಯಕ.

ಗೂಗಲ್ ಸಂಸ್ಥೆಯಲ್ಲಿ ರಾಬರ್ಟ್ ಗ್ರೀಸ್ಮರ್, ರಾಬ್ ಪೈಕ್ ಹಾಗೂ ಕೆನ್ ಥಾಂಪ್ಸನ್ 2007ರಲ್ಲಿ ಈ ಭಾಷೆಯ ರಚನೆಗೆ ತೊಡಗಿದರು. 2009ರ ನವೆಂಬರ್‌ನಲ್ಲಿ ಅದು ಬಹಿರಂಗವಾಯಿತು. 2012ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದಿತು. ಇದರ ಮೀಸಲು ಪದಗಳು ಕೇವಲ 25. ಉಚಿತವಾಗಿ ದೊರೆಯುವುದರಿಂದ ಕಲಿಕೆಗೆ ಸುಲಭ.

ಕಂಪೈಲರ್ ಎಂದರೇನು?

ವೇದಿಕೆಯ ಭಾಷಣವನ್ನು ದುಭಾಷಿಯೊಬ್ಬ ವಾಕ್ಯವಾಕ್ಯವಾಗಿ ಅನುವಾದಿಸುವುದು ಒಂದು ಕ್ರಮ. ಇಡೀ ಗ್ರಂಥವನ್ನು ಮೊದಲೇ ಅನುವಾದಿಸಿ ಮುದ್ರಿಸುವುದು ಇನ್ನೊಂದು. ಕಂಪೈಲರ್ ಎರಡನೆಯ ಬಗೆಯದು. ಪ್ರೋಗ್ರಾಂ ಓಡುವ ಮುನ್ನವೇ ಅದನ್ನು ಯಂತ್ರಭಾಷೆಗೆ ತಿರುಗಿಸುವುದರಿಂದ ವೇಗ ಹೆಚ್ಚು. ಅನೇಕ ತಪ್ಪುಗಳೂ ಆಗಲೇ ಸಿಕ್ಕಿಬೀಳುತ್ತವೆ. ಕ್ರಿಯೆಯೊಂದರ ಒಳಗೆ ಘೋಷಿಸಿದ ಚರಾಂಶವನ್ನು ಬಳಸದೆ ಬಿಟ್ಟರೂ ಗೋ ಕಂಪೈಲರ್ ಮುಂದುವರಿಯುವುದಿಲ್ಲ.

27 ಬಂದದ್ದು ಹೇಗೆ?

ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಇವೆಲ್ಲಕ್ಕೂ ಪ್ರತ್ಯೇಕ ಸಂಕೇತಗಳಿವೆ. ಕತ್ತಲಗೆರೆ ಬರೆಯಲು ಒಂಬತ್ತು ಸಂಕೇತಗಳು ಬೇಕು. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ಗೋ ಎಣಿಸಿದ್ದು ಬೈಟ್‌ಗಳನ್ನು.

ಇದನ್ನು ತಿಳಿಯದವರು ಹೆಸರಿನ ಅಂಕಣಕ್ಕೆ 20 ಬೈಟ್ ಮಿತಿ ಹಾಕಿದರೆ ‘ಕತ್ತಲಗ’ ಮಾತ್ರ ಉಳಿದು, ಮುಂದೆ ಅರ್ಥವಿಲ್ಲದ ಗುರುತೊಂದು ಮೂಡುತ್ತದೆ. ಇಂಗ್ಲಿಷ್ ಹೆಸರಿಗೆ ಧಾರಾಳವಾದ ಜಾಗ ಕನ್ನಡದ ಹೆಸರಿಗೆ ಸಾಲದಾಗುತ್ತದೆ.

ಇನ್ನೊಂದು ತೊಡಕೂ ಇದೆ. ಉದ್ಧರಣ ಚಿಹ್ನೆಗಳ ಒಳಗೆ ಏನನ್ನಾದರೂ ಕನ್ನಡದಲ್ಲಿ ಬರೆಯಬಹುದು. ಆದರೆ ಪ್ರೋಗ್ರಾಂನ ಚರಾಂಶಕ್ಕೆ ‘ನಗರ’ ಎಂಬ ಹೆಸರಿಟ್ಟರೆ ಗೋ ಒಪ್ಪುತ್ತದೆ, ‘ಊರು’ ಎಂದರೆ ಒಪ್ಪದು! ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರಗಳಿಗೆ ಹೆಸರುಗಳಲ್ಲಿ ಸ್ಥಾನವಿಲ್ಲ. ಗುಣಿತಾಕ್ಷರವಿಲ್ಲದ ಕನ್ನಡವೆಲ್ಲಿ? ಇದು ಕಣ್ತಪ್ಪಲ್ಲ, ಉದ್ದೇಶಪೂರ್ವಕ ನಿರ್ಧಾರವೆಂದೂ ಇದರಿಂದ ದೇವನಾಗರಿಯಂಥ ಲಿಪಿಗಳು ಹೊರಗುಳಿಯುತ್ತವೆಂದೂ ಗೋ ತಂಡವೇ ಒಪ್ಪಿಕೊಂಡಿದೆ. 1992ರಲ್ಲಿ ಯುಟಿಎಫ್-8 ಅನ್ನು ರೂಪಿಸಿದವರೂ ಇದೇ ಥಾಂಪ್ಸನ್ ಮತ್ತು ಪೈಕ್ ಎಂಬುದು ವಿಪರ್ಯಾಸ.

ಇದು ಅಸಾಧ್ಯವಾದ ಕೆಲಸವೇನಲ್ಲ. ಇನ್ನೊಂದು ಕಂಪೈಲ್ ಭಾಷೆಯಾದ ರಸ್ಟ್, 2021ರ ಜೂನ್‌ನಲ್ಲಿ ಬಂದ 1.53ನೇ ಆವೃತ್ತಿಯಿಂದ ‘ಕತ್ತಲಗೆರೆ’ಯಂಥ ಹೆಸರುಗಳಿಗೂ ಅವಕಾಶ ನೀಡಿದೆ.

ಗೋ ಕಲಿಯುವವರು ಸದ್ಯಕ್ಕೆ ಚರಾಂಶಗಳ ಹೆಸರನ್ನು ರೋಮನ್ ಲಿಪಿಯಲ್ಲೇ ಇಡುವುದು ಲೇಸು. ಮೊದಲ ಪ್ರೋಗ್ರಾಂನಲ್ಲಿ ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಮುದ್ರಿಸಿ, ಅದರ ಉದ್ದವನ್ನೂ ಎಣಿಸಿ ನೋಡಲಿ. ಕನ್ನಡದ ಹೆಸರನ್ನು ಕತ್ತರಿಸದ ತಂತ್ರಾಂಶ ಬರೆಯಲು ಅದೇ ಮೊದಲ ಮೆಟ್ಟಿಲು.